ತೋಳಿನ ಪಟ್ಟಿ

(ನಮ್ಮ ಸಂಘದ ವಾರ್ಷಿಕ ನಿಧಿ ಸಂಗ್ರಹ ಸಂಜೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾವು ಎಂದರೆ ಭಾನುವಾರ ಬೆಳಿಗ್ಗೆ ಪಾರ್ಕಿನಲ್ಲಿ ಫುಟ್‌ಬಾಲ್ ಆಡುವ ಗುಂಪು. ಹೆಚ್ಚಿನವರು ಸಾಫ್ಟ್‌ವೇರಿನವರು, ನಡುವೆ ಇಬ್ಬರು ಡಾಕ್ಟರುಗಳು. ವಯಸ್ಸು ನಲವತ್ತು ದಾಟಿದೆ, ಮೊಣಕಾಲುಗಳಿಗೆ ಅದು ಗೊತ್ತಿದೆ. ಈ ವರ್ಷದ ನಿಧಿ ಊರಿನ ಕ್ಯಾನ್ಸರ್ ರೋಗಿಗಳಿಗೆ, ನೀವು ಏನಾದರೂ ಮಾತಾಡಿ ಎಂದು ಸಮಿತಿಯವರು ಕೇಳಿದರು. ನಾವೆಲ್ಲ ಸೇರಿ ಯೋಚಿಸಿ, ಸ್ಪೇನ್ ದೇಶದ ಒಬ್ಬ ನಿವೃತ್ತ ಫುಟ್‌ಬಾಲ್ ಡಿಫೆಂಡರ್ ಬಗ್ಗೆ ಹೇಳುತ್ತೇವೆ ಎಂದೆವು. ಅಧ್ಯಕ್ಷರ ಮುಖ ಸ್ವಲ್ಪ ಸಪ್ಪಗಾಯಿತು. "ಕ್ರಿಕೆಟ್ ಆದರೂ ಆಗಿದ್ದರೆ..." ಎಂದರು. ಆಮೇಲೆ ದೊಡ್ಡ ಮನಸ್ಸು ಮಾಡಿ ಒಪ್ಪಿದರು. ಅವರಿಗೆ ನಮ್ಮ ವಂದನೆ.

ಆ ಆಟಗಾರನ ಹೆಸರು ಕಾರ್ಲೆಸ್ ಪುಯೋಲ್. ಹೆಸರು ಗೊತ್ತಿಲ್ಲದವರಿಗೂ ಕೂದಲು ನೆನಪಿರಬಹುದು: ಭುಜದವರೆಗೆ ಇಳಿದ ಗುಂಗುರು ಕೂದಲು, ಸಿಂಹದ ಕೇಸರದಂತೆ. 1999ರಲ್ಲಿ ಬಾರ್ಸಿಲೋನಾ ತಂಡಕ್ಕೆ ಮೊದಲ ಸಲ ಕರೆ ಬಂದಾಗ ಆಗಿನ ಕೋಚ್ ಲೂಯಿ ವಾನ್ ಹಾಲ್, ಕ್ಷೌರ ಮಾಡಿಸಿಕೊಳ್ಳಲು ದುಡ್ಡಿಲ್ಲವೇ ಎಂದು ಕೇಳಿದರಂತೆ. ಕೋಚ್ ಮಾತನ್ನು ಪುಯೋಲ್ ಜೀವನವಿಡೀ ಕೇಳಿದರು, ಇದೊಂದನ್ನು ಬಿಟ್ಟು.

1978ರ ಏಪ್ರಿಲ್ 13ರಂದು ಹುಟ್ಟಿದವರು. ಹುಟ್ಟೂರು ಲಾ ಪೊಬ್ಲಾ ದೆ ಸೆಗೂರ್. ಸ್ಪೇನಿನ ಈಶಾನ್ಯದ ಕಟಲೂನ್ಯ ಪ್ರಾಂತದಲ್ಲಿ, ಪಿರನೀಸ್ ಬೆಟ್ಟಗಳ ತಪ್ಪಲಿನ ಸಣ್ಣ ಊರು. ತಂದೆಯದು ಬೇಸಾಯದ ಕೆಲಸ. ಹುಡುಗ ಮೊದಲು ಆಡಿದ್ದು ಗೋಲ್‌ಕೀಪರ್ ಆಗಿ. ಭುಜಕ್ಕೆ ತೊಂದರೆಯಾಗಿ ಆ ಜಾಗ ಬಿಡಬೇಕಾಯಿತು. ಆಮೇಲೆ ಮುಂದಿನ ಸಾಲು, ಅಲ್ಲಿಂದ ಹಿಂದೆ ಬಂದು ಮಧ್ಯ, ಇನ್ನೂ ಹಿಂದೆ ಬಂದು ಬಲಬದಿಯ ಡಿಫೆಂಡರ್, ಕೊನೆಗೆ ನಟ್ಟನಡುವಿನ ಡಿಫೆಂಡರ್. ಒಬ್ಬ ಹುಡುಗನಿಗೆ ಎಲ್ಲಿ ನಿಲ್ಲಬೇಕು ಎಂದು ತಿಳಿಯುವುದಕ್ಕೆ ಇಷ್ಟು ಸುತ್ತು.

1995ರಲ್ಲಿ, ಹದಿನೇಳನೇ ವಯಸ್ಸಿಗೆ, ಬಾರ್ಸಿಲೋನಾ ಕ್ಲಬ್ಬಿನ ಲಾ ಮಾಸಿಯಾ ಸೇರಿದರು. ಈ ಕ್ಲಬ್ಬಿನ ಲೆಕ್ಕದಲ್ಲಿ ಹದಿನೇಳು ಎಂದರೆ ತಡವೇ. ಅಲ್ಲಿ ಹನ್ನೊಂದು, ಹನ್ನೆರಡು, ಹದಿಮೂರಕ್ಕೆ ಬಂದವರು ಸಾಲಾಗಿ ಇರುತ್ತಾರೆ. ಮಾಸಿಯಾ ಎಂದರೆ ಕಟಲಾನ್ ಭಾಷೆಯಲ್ಲಿ ತೋಟದ ಮನೆ. ಕ್ರೀಡಾಂಗಣದ ಪಕ್ಕದಲ್ಲೇ ಇದ್ದ 1702ರ ಹಳೇ ಕಟ್ಟಡ. ಅದನ್ನು ಕ್ಲಬ್ 1979ರಲ್ಲಿ ಹೊರ ಊರಿನ ಹುಡುಗರ ಹಾಸ್ಟೆಲ್ ಮಾಡಿತು. ರೈತನ ಮಗ ಊರು ಬಿಟ್ಟು ನಗರಕ್ಕೆ ಬಂದು ಮತ್ತೆ ತೋಟದ ಮನೆಯಲ್ಲೇ ಮಲಗಿದ.

ಆಟದಲ್ಲಿ ಅಂಥ ಸೊಗಸಿರಲಿಲ್ಲ. ಅಭಿಮಾನಿಗಳು ಕೋಪಿಸಿಕೊಂಡರೂ ಇದನ್ನು ಹೇಳಲೇಬೇಕು. ಎತ್ತರ 178 ಸೆಂಟಿಮೀಟರ್, ನಡುವಿನ ಡಿಫೆಂಡರ್‌ಗೆ ಕಡಿಮೆಯೇ. ಚೆಂಡು ಕಾಲಿಗೆ ಸಿಕ್ಕಾಗ ಜೊತೆಯಲ್ಲಿದ್ದ ಶಾವಿ, ಇನಿಯೆಸ್ತಾ ತರಹ ಅದು ಮಾತು ಕೇಳುತ್ತಿರಲಿಲ್ಲ. 1998ರಲ್ಲಿ ಕ್ಲಬ್ ಅವರನ್ನು ಮಾಲಗಾ ತಂಡಕ್ಕೆ ಕೊಟ್ಟುಬಿಡಲು ಒಪ್ಪಿತ್ತು, ಹೋಗಲು ಒಪ್ಪದವರು ಪುಯೋಲ್ ಎಂದು ಹೇಳುತ್ತಾರೆ. ಗೆಳೆಯ ಶಾವಿ ದೊಡ್ಡವರ ತಂಡದಲ್ಲಿ ಆಡಿದ್ದನ್ನು ನೋಡಿ, ತಾನೂ ಆಡಿಯೇ ಆಡುತ್ತೇನೆಂದು ಉಳಿದರಂತೆ. 1999ರ ಅಕ್ಟೋಬರ್ 2ರಂದು ವಯಾದೊಲಿದ್ ವಿರುದ್ಧ ಮೊದಲ ಲೀಗ್ ಪಂದ್ಯ ಸಿಕ್ಕಿತು.

ಈಗ ಡಿಫೆಂಡರ್ ಕೆಲಸ ಏನು ಎಂಬುದನ್ನು ಒಂದೆರಡು ಮಾತಿನಲ್ಲಿ ಹೇಳಬೇಕು, ಏಕೆಂದರೆ ಅಡುಗೆಮನೆ ಕಡೆಯಿಂದ ಆ ಪ್ರಶ್ನೆ ಈಗಾಗಲೇ ಬಂದಿದೆ. ಗೋಲು ಹೊಡೆದವನನ್ನು ಟೀವಿ ಹತ್ತು ಸಲ ತೋರಿಸುತ್ತದೆ. ಆಗದೇ ಹೋದ ಗೋಲನ್ನು ಯಾರೂ ಎಣಿಸುವುದಿಲ್ಲ. ನಮ್ಮ ಕಸುಬಿನವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ: ಸರ್ವರ್ ನಿಂತರೆ ಎಲ್ಲರೂ ಫೋನ್ ಮಾಡುತ್ತಾರೆ, ನಿಲ್ಲದ ದಿನ ಯಾರೂ ಮಾಡುವುದಿಲ್ಲ. ಬಾರ್ಸಿಲೋನಾದಲ್ಲಿ ಈ ಕೆಲಸ ಇನ್ನೂ ಕಷ್ಟ. ಆ ತಂಡ ಇಡಿಯಾಗಿ ಎದುರಾಳಿಯ ಅರ್ಧಕ್ಕೆ ನುಗ್ಗಿ ಆಡುತ್ತದೆ. ಹಿಂದೆ ಅರ್ಧ ಮೈದಾನ ಖಾಲಿ. ಎದುರಿನವರು ಒಂದೇ ಒಂದು ಉದ್ದದ ಪಾಸ್ ಕೊಟ್ಟರೆ ಆ ಖಾಲಿ ಬಯಲಿನಲ್ಲಿ ಓಡಬೇಕಾದವರು ಇಬ್ಬರು ಮೂವರು ಮಾತ್ರ. ಚೆಂಡು ಹೋಗುವ ಮೊದಲೇ ಅದು ಎಲ್ಲಿಗೆ ಹೋಗುತ್ತದೆಂದು ಲೆಕ್ಕ ಹಾಕಿ ಓಟ ಶುರು ಮಾಡಿರಬೇಕು. ಪುಯೋಲ್ ಬದುಕಿದ್ದು ಆ ಲೆಕ್ಕದ ಮೇಲೆ. ಲೆಕ್ಕ ತಪ್ಪಿದಾಗ ಇಡೀ ದೇಹವನ್ನು ಅಡ್ಡ ಎಸೆಯುತ್ತಿದ್ದರು.

2002ರ ಒಂದು ದೃಶ್ಯ ಇವತ್ತಿಗೂ ಇಂಟರ್ನೆಟ್ಟಿನಲ್ಲಿ ಸಿಗುತ್ತದೆ. ಚಾಂಪಿಯನ್ಸ್ ಲೀಗ್, ಎದುರು ಲೋಕೊಮೊಟಿವ್ ಮಾಸ್ಕೋ. ಗೋಲ್‌ಕೀಪರ್ ಜಾಗ ಬಿಟ್ಟು ಹೊರಗೆ ಸಿಕ್ಕಿಹಾಕಿಕೊಂಡಿದ್ದಾರೆ, ಗೋಲು ಬಾಗಿಲು ತೆರೆದ ಮನೆಯಂತಿದೆ. ಬಂದ ಹೊಡೆತಕ್ಕೆ ಪುಯೋಲ್ ಎದೆ ಕೊಟ್ಟು ನಿಂತರು. ಚೆಂಡು ಬಡಿದದ್ದು ಸರಿಯಾಗಿ ಅಂಗಿಯ ಮೇಲಿನ ಕ್ಲಬ್ಬಿನ ಲಾಂಛನಕ್ಕೆ. ಅದಕ್ಕೂ ಮೊದಲು, 2000ದ ಅಕ್ಟೋಬರಿನಲ್ಲಿ, ಬಾರ್ಸಿಲೋನಾ ಬಿಟ್ಟು ರಿಯಲ್ ಮ್ಯಾಡ್ರಿಡ್ ಸೇರಿದ್ದ ಲೂಯಿಸ್ ಫಿಗೊ ಮೊದಲ ಸಲ ಹಳೇ ಮನೆಗೆ ಆಡಲು ಬಂದಾಗ, ಅವರ ಬೆನ್ನು ಬಿಡದೆ ಕಾಯುವ ಕೆಲಸ ಬಂದದ್ದು 22ರ ಪುಯೋಲ್ ಪಾಲಿಗೆ. ಬಾರ್ಸಿಲೋನಾ 2-0 ಗೆದ್ದಿತು. ನೆರೆದ ಜನ ಫಿಗೊ ಅವರನ್ನು ಬೈದು ಬೈದು ಗಂಟಲು ಹರಿದುಕೊಂಡಿದ್ದರು, ಈ ಹುಡುಗ ಬಾಯಿ ತೆರೆಯದೆ ತನ್ನ ಕೆಲಸ ಮಾಡಿ ಮುಗಿಸಿದ್ದ.

ಇಷ್ಟೆಲ್ಲ ಆದರೂ ಕಪ್ ಮಾತ್ರ ಇಲ್ಲ. 1999ರಿಂದ 2004ರವರೆಗೆ ಐದು ಸೀಸನ್ ಬಾರ್ಸಿಲೋನಾಕ್ಕೆ ಒಂದು ಪ್ರಶಸ್ತಿಯೂ ಬರಲಿಲ್ಲ. ಕೋಚ್‌ಗಳು ಬಂದರು ಹೋದರು, ಅಧ್ಯಕ್ಷರು ಬದಲಾದರು. ಅಂಥ ಕಾಲದಲ್ಲಿ ಬೇರೆ ಕ್ಲಬ್ಬಿಗೆ ಹೋದವರನ್ನು ಯಾರೂ ದೂರುವುದಿಲ್ಲ. ಪುಯೋಲ್ ಉಳಿದರು. 2004ರಲ್ಲಿ ಲೂಯಿಸ್ ಎನ್ರಿಕೆ ನಿವೃತ್ತರಾದಾಗ ನಾಯಕನ ಪಟ್ಟಿ ಅವರ ತೋಳಿಗೆ ಬಂತು. ಮುಂದಿನ ಮೇ ತಿಂಗಳಲ್ಲಿ ಲೀಗ್ ಗೆದ್ದರು. ಅದರ ಮರುವರ್ಷ, 2006ರ ಮೇ 17ರಂದು, ಪ್ಯಾರಿಸ್ಸಿನಲ್ಲಿ ಲಂಡನ್ನಿನ ಆರ್ಸೆನಲ್ ತಂಡವನ್ನು 2-1ರಿಂದ ಸೋಲಿಸಿ ಚಾಂಪಿಯನ್ಸ್ ಲೀಗ್. ಸಭೆಯಲ್ಲಿ ಆರ್ಸೆನಲ್ ಅಭಿಮಾನಿಗಳಿದ್ದಾರೆ, ಆದ್ದರಿಂದ ಅದನ್ನು ಇಲ್ಲಿಗೇ ಬಿಡುತ್ತೇವೆ.

ಅದೇ 2006ರ ನವೆಂಬರಿನಲ್ಲಿ ಅವರ ತಂದೆ ಕೆಲಸದ ಮೇಲಿದ್ದಾಗ ಆದ ಅಪಘಾತದಲ್ಲಿ ತೀರಿಕೊಂಡರು. ಮಗ ತಂಡದೊಂದಿಗೆ ಬೇರೆ ಊರಿನ ಪಂದ್ಯಕ್ಕೆ ಹೊರಟಿದ್ದ ಹೊತ್ತು. ಇಲ್ಲಿ ಕೂತ ನಮ್ಮಲ್ಲಿ ಅನೇಕರಿಗೆ ಇಂಥ ಫೋನು ಬಂದಿದೆ. ಹೆಚ್ಚು ಹೇಳುವುದಿಲ್ಲ.

ಅದೇ ವರ್ಷದ ಇನ್ನೊಂದು ಸಂಗತಿಯನ್ನು ಮಾತ್ರ ವಿವರವಾಗಿ ಹೇಳಬೇಕು, ಅದು ಇಂಥ ಸಂಜೆಗೆ ಸೇರಿದ್ದು. ಬಾರ್ಸಿಲೋನಾ ಕ್ಲಬ್ಬಿಗೆ ಮಾಲೀಕ ಅಂತ ಒಬ್ಬ ಶ್ರೀಮಂತ ಇಲ್ಲ. ಅದು ಸದಸ್ಯರ ಸಂಘ. ಲಕ್ಷಕ್ಕೂ ಹೆಚ್ಚು ಜನ ವರ್ಷಕ್ಕಿಷ್ಟು ಚಂದಾ ಕಟ್ಟುತ್ತಾರೆ, ಅವರೇ ಮತ ಹಾಕಿ ಅಧ್ಯಕ್ಷರನ್ನು ಆರಿಸುತ್ತಾರೆ. ಚುನಾವಣೆ ಹೊತ್ತಿನ ಜಗಳಗಳನ್ನು ಓದಿದರೆ ನಮ್ಮ ಸರ್ವಸದಸ್ಯರ ಸಭೆಯೇ ಮೇಲು ಅನ್ನಿಸುತ್ತದೆ. ಈ ಕ್ಲಬ್ಬಿನ ಅಂಗಿಯ ಎದೆಯ ಮೇಲೆ ಬಹುಕಾಲ ಯಾವ ಕಂಪನಿಯ ಜಾಹೀರಾತೂ ಇರಲಿಲ್ಲ. 2006ರ ಸೆಪ್ಟೆಂಬರಿನಲ್ಲಿ ಮೊದಲ ಸಲ ಒಂದು ಹೆಸರು ಬಂತು: ಯುನಿಸೆಫ್. ಬೇರೆ ತಂಡಗಳು ಅಂಗಿಯ ಜಾಗ ಮಾರಿ ಹಣ ತೆಗೆದುಕೊಳ್ಳುತ್ತವೆ. ಇಲ್ಲಿ ಕ್ಲಬ್ಬೇ ವರ್ಷಕ್ಕೆ 15 ಲಕ್ಷ ಯೂರೋ ಯುನಿಸೆಫ್‌ಗೆ ಕೊಟ್ಟು, ಅದರ ಹೆಸರನ್ನು ಎದೆ ಮೇಲೆ ಹಾಕಿಕೊಂಡಿತು. ಮೊದಲ ಹಣ ಹೋದದ್ದು ಆಫ್ರಿಕಾದ ಸ್ವಾಜಿಲ್ಯಾಂಡಿನಲ್ಲಿ ಎಚ್‌ಐವಿ ಪೀಡಿತ ಮಕ್ಕಳ ಕೆಲಸಕ್ಕೆ. ಇದು ಶಾಶ್ವತವಾಗಿ ನಡೆಯಿತು ಅಂದುಕೊಳ್ಳಬೇಡಿ. 2011ರಿಂದ ಎದೆಯ ಜಾಗಕ್ಕೆ ಹಣ ಕೊಡುವ ಪ್ರಾಯೋಜಕರು ಬಂದರು, ಯುನಿಸೆಫ್ ಬೆನ್ನಿಗೆ ಹೋಯಿತು. ಆದರೂ ಐದು ವರ್ಷ ಜಗತ್ತಿನ ದೊಡ್ಡ ದೊಡ್ಡ ಪಂದ್ಯಗಳಲ್ಲಿ ಆ ಹೆಸರು ಹೊತ್ತು ಮುಂದೆ ನಡೆದವರು ಐದನೇ ನಂಬರಿನ ಈ ನಾಯಕ.

ಇನ್ನು ಸ್ಪೇನ್ ತಂಡದ ವಿಷಯ. ಅಲ್ಲಿ ಭಾಷೆಯ ಗಂಟು ಒಂದಿದೆ, ಅದನ್ನು ಬಿಡಿಸದೆ ಮುಂದೆ ಹೋಗಲಾಗದು. ಪುಯೋಲ್ ಮನೆಮಾತು ಕಟಲಾನ್, ಸ್ಪ್ಯಾನಿಷ್ ಅಲ್ಲ. ಫ್ರಾಂಕೋ ಸರ್ವಾಧಿಕಾರದ ದಶಕಗಳಲ್ಲಿ ಶಾಲೆ ಕಚೇರಿಗಳಿಂದ ಆ ಭಾಷೆಯನ್ನು ಹೊರಗಿಟ್ಟಿದ್ದರು. ಆಗ ಜನ ಬಾಯಿತುಂಬ ಕಟಲಾನ್ ಮಾತಾಡುತ್ತಿದ್ದ ಜಾಗಗಳಲ್ಲಿ ಫುಟ್‌ಬಾಲ್ ಮೈದಾನವೂ ಒಂದು. ಬಾರ್ಸಿಲೋನಾ ನಾಯಕನ ತೋಳಿನ ಪಟ್ಟಿಗೆ ಕಟಲೂನ್ಯದ ಬಾವುಟದ ಬಣ್ಣ. ಆ ಬಾವುಟ ಹಳದಿಯ ಮೇಲೆ ನಾಲ್ಕು ಕೆಂಪು ಪಟ್ಟೆ. ಹೌದು, ಅರಿಶಿನ ಕುಂಕುಮವೇ! 2009ರ ಮೇ 2ರಂದು ಮ್ಯಾಡ್ರಿಡ್ಡಿನಲ್ಲಿ, ರಿಯಲ್ ಮ್ಯಾಡ್ರಿಡ್ ಅಂಗಳದಲ್ಲೇ, ಪುಯೋಲ್ ತಲೆಯಿಂದ ಗೋಲು ಹೊಡೆದು ಆ ಪಟ್ಟಿಯನ್ನು ತೋಳಿನಿಂದ ಬಿಚ್ಚಿ ಮುತ್ತಿಟ್ಟರು. ಪಂದ್ಯ 6-2 ಆಯಿತು. ನಮ್ಮ ಗುಂಪಿನಲ್ಲಿ ಮ್ಯಾಡ್ರಿಡ್ ಕಡೆಯವರೂ ಇದ್ದರು. ಬಣ್ಣ ನೋಡಿ ಅವರೂ ಎದ್ದು ಚಪ್ಪಾಳೆ ಹೊಡೆದರು. ನವೆಂಬರ್ ಒಂದನೇ ತಾರೀಖಿನ ಅಭ್ಯಾಸ, ಏನು ಮಾಡುವುದು.

ಅದೇ ಮನುಷ್ಯ ಸ್ಪೇನ್ ಪರವಾಗಿ ಸರಿಯಾಗಿ 100 ಪಂದ್ಯ ಆಡಿದರು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ. 2008ರಲ್ಲಿ ವಿಯೆನ್ನಾದಲ್ಲಿ ಯುರೋಪ್ ಕಪ್, ಸ್ಪೇನಿಗೆ 44 ವರ್ಷಗಳ ನಂತರ. ಮತ್ತೆ 2010, ದಕ್ಷಿಣ ಆಫ್ರಿಕಾ. ಜುಲೈ 7, ಡರ್ಬನ್, ಸೆಮಿಫೈನಲ್. ಎದುರಿಗೆ ಇಂಗ್ಲೆಂಡನ್ನು 4-1, ಅರ್ಜೆಂಟೀನಾವನ್ನು 4-0 ಮಣಿಸಿ ಬಂದ ಜರ್ಮನಿ. ಅದುವರೆಗೆ ಸ್ಪೇನ್ ವಿಶ್ವಕಪ್ ಫೈನಲ್ಲಿಗೆ ಕಾಲಿಟ್ಟಿರಲಿಲ್ಲ. 70 ನಿಮಿಷ ಕಳೆದರೂ ಗೋಲಿಲ್ಲ. 73ನೇ ನಿಮಿಷ ಶಾವಿ ಕಾರ್ನರ್ ಕಿಕ್ ತೆಗೆದರು. ಪೆನಾಲ್ಟಿ ಚೌಕದ ಆಚೆಯಿಂದ ಕೇಸರ ಹಾರಿಸಿಕೊಂಡು ಓಡಿ ಬಂದವರು ಪುಯೋಲ್. ಅದೇ ಚೆಂಡಿಗೆ ನೆಗೆಯುತ್ತಿದ್ದ ತಮ್ಮದೇ ತಂಡದ ಎತ್ತರದ ಪಿಕೆ ಅವರನ್ನೂ ಮೀರಿ ಮೇಲೆದ್ದರು. ಹಣೆಯಿಂದ ಒಂದು ಪೆಟ್ಟು. ಜರ್ಮನಿಯ ಕೀಪರ್ ಅಲ್ಲಾಡುವ ಮೊದಲೇ ಬಲೆ ಅಲ್ಲಾಡಿತು. ಇದೇ ವರಸೆಯನ್ನು ಬಾರ್ಸಿಲೋನಾದಲ್ಲಿ ಎಷ್ಟೋ ಸಲ ಅಭ್ಯಾಸ ಮಾಡಿದ್ದರು. ಅಂಕಿಸಂಖ್ಯೆ ಬೇಕಾದವರಿಗೆ: 100 ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಅವರು ಹೊಡೆದದ್ದು ಮೂರೇ ಗೋಲು. ಅದರಲ್ಲಿ ಒಂದು ಇದು. ಪಂದ್ಯದ ನಂತರ ರಾಣಿ ಸೋಫಿಯಾ ಅಭಿನಂದಿಸಲು ಆಟಗಾರರ ಕೋಣೆಗೆ ಬಂದಾಗ ಸ್ನಾನ ಮುಗಿಸಿ ಟವಲ್ ಸುತ್ತಿಕೊಂಡೇ ಹೊರಬಂದ ಪುಯೋಲ್ ಕೈ ಕುಲುಕಬೇಕಾಯಿತು.

ಜುಲೈ 11ರ ಫೈನಲ್ ನೆದರ್ಲೆಂಡ್ಸ್ ವಿರುದ್ಧ. ಅಭಿಮಾನಿಗಳು ಇನಿಯೆಸ್ತಾ 116ನೇ ನಿಮಿಷ ಹೊಡೆದ ಗೋಲನ್ನಷ್ಟೇ ನೆನೆಯುತ್ತಾರೆ. ನಮಗೆ 83ನೇ ನಿಮಿಷವೂ ನೆನಪಿದೆ. ಆರ್ಯೆನ್ ರಾಬೆನ್ ಚೆಂಡು ತೆಗೆದುಕೊಂಡು ಪುಯೋಲ್ ಅವರನ್ನು ದಾಟಿದರು. ಪುಯೋಲ್ ಹಿಂದಿನಿಂದ ಹಿಡಿದು ತಡೆಯಲು ನೋಡಿದರು. ಪಂದ್ಯದ ಶುರುವಿನಲ್ಲೇ ಅವರಿಗೆ ಒಂದು ಹಳದಿ ಕಾರ್ಡ್ ಸಿಕ್ಕಿತ್ತು. ರಾಬೆನ್ ಅಲ್ಲಿ ಬಿದ್ದಿದ್ದರೆ ರೆಫರಿ ಇನ್ನೊಂದು ತೆಗೆಯಬಹುದಿತ್ತು, ಸ್ಪೇನ್ ಹತ್ತೇ ಜನರಿಗೆ ಇಳಿಯುತ್ತಿತ್ತು. ರಾಬೆನ್ ಬೀಳಲಿಲ್ಲ, ಓಡುತ್ತಲೇ ಇದ್ದರು, ಕೀಪರ್ ಕಸಿಯಾಸ್ ಚೆಂಡನ್ನು ಹಿಡಿದರು. ವಿಶ್ವಕಪ್ಪಿನ ಇತಿಹಾಸ ಇಷ್ಟು ತೆಳುವಾದ ದಾರದಲ್ಲಿ ನೇತಾಡುತ್ತಿರುತ್ತದೆ. ಗೆದ್ದ ಮೇಲೆ ಪುಯೋಲ್ ಮತ್ತು ಶಾವಿ ಕಟಲೂನ್ಯದ ಬಾವುಟ ಹಿಡಿದು ಜೋಹಾನ್ಸ್‌ಬರ್ಗ್ ಮೈದಾನದಲ್ಲಿ ನಡೆದರು. ಮೈಮೇಲೆ ಸ್ಪೇನಿನ ಅಂಗಿ. ಎರಡರಲ್ಲಿ ಯಾವುದು ನಿಜ ಎಂದು ಕೇಳಿದವರು ಬಹಳ ಜನ. ನಮಗೆ ಮಾತ್ರ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. ಒಂದು ಜೇಬಿನಲ್ಲಿ ಬ್ರಿಟಿಷ್ ಪಾಸ್‌ಪೋರ್ಟ್, ಇನ್ನೊಂದರಲ್ಲಿ ಓಸಿಐ ಕಾರ್ಡ್ ಇಟ್ಟುಕೊಂಡು ರಾಜ್ಯೋತ್ಸವ ಮಾಡುವವರು ನಾವು.

ಈಗ 2011ಕ್ಕೆ ಬರುತ್ತೇವೆ. ಈ ಭಾಷಣಕ್ಕೆ ಒಪ್ಪಿದ್ದೇ ಅದನ್ನು ಹೇಳಲು.

ಬಾರ್ಸಿಲೋನಾದ ಎಡಬದಿಯ ಡಿಫೆಂಡರ್ ಎರಿಕ್ ಅಬಿದಾಲ್, ಫ್ರಾನ್ಸ್ ದೇಶದವರು. ಮಾರ್ಚ್ 15ರಂದು ಕ್ಲಬ್ ಒಂದು ಪ್ರಕಟಣೆ ಕೊಟ್ಟಿತು: ಅವರ ಯಕೃತ್ತಿನಲ್ಲಿ, ಅಂದರೆ ಲಿವರ್‌ನಲ್ಲಿ, ಗಡ್ಡೆ ಕಾಣಿಸಿದೆ. ಎರಡೇ ದಿನದಲ್ಲಿ ಶಸ್ತ್ರಚಿಕಿತ್ಸೆ. ವಯಸ್ಸು 31. ಆ ಹೊತ್ತಿಗೆ ಪುಯೋಲ್ ಕೂಡ ಮೊಣಕಾಲು ನೋವಿನಿಂದ ತಿಂಗಳುಗಟ್ಟಲೆ ಹೊರಗಿದ್ದರು. ಮೇ 3ರಂದು ರಿಯಲ್ ಮ್ಯಾಡ್ರಿಡ್ ವಿರುದ್ಧ ಸೆಮಿಫೈನಲ್ಲಿನ ಎರಡನೇ ಪಂದ್ಯ. ಕೊನೆಯ ನಿಮಿಷದಲ್ಲಿ ಬದಲಿ ಆಟಗಾರನ ಫಲಕ ಮೇಲೆದ್ದಿತು. ಹೊರಗೆ ಬರುವವರು 5ನೇ ನಂಬರ್, ಪುಯೋಲ್. ಒಳಗೆ ಹೋಗುವವರು 22, ಅಬಿದಾಲ್. ಹೊಟ್ಟೆ ಕೊಯ್ದು ಏಳು ವಾರ ಕೂಡ ಆಗಿರಲಿಲ್ಲ. ಇಡೀ ಮೈದಾನ ಎದ್ದು ನಿಂತಿತು. ಪಂದ್ಯ ಮುಗಿದ ಮೇಲೆ ಜೊತೆಗಾರರು ಅವರನ್ನು ಗಾಳಿಯಲ್ಲಿ ಎಸೆದು ಹಿಡಿದರು. ನಮ್ಮ ಗುಂಪಿನ ಡಾಕ್ಟರು ಟೀವಿ ಮುಂದೆ "ಅಯ್ಯೋ, ಹೊಲಿಗೆ, ಹೊಲಿಗೆ" ಎಂದು ಕೂಗುತ್ತಿದ್ದರು.

ಫೈನಲ್ ಮೇ 28ಕ್ಕೆ ಲಂಡನ್ನಿನಲ್ಲಿ, ನಮ್ಮ ವೆಂಬ್ಲಿಯಲ್ಲಿ. ಆ ಸಂಜೆ ನಮ್ಮಲ್ಲಿ ಕೆಲವರು ಮೈದಾನದಿಂದ ಎರಡು ಮೈಲಿ ದೂರದ ಗೆಳೆಯರ ಮನೆಯಲ್ಲಿದ್ದೆವು. ಟಿಕೆಟ್ ಬೆಲೆ ನೋಡಿದ ಮೇಲೆ ಟೀವಿಯೇ ಚೆನ್ನ ಎಂದು ತೀರ್ಮಾನವಾಗಿತ್ತು. ಎದುರಾಳಿ ಮ್ಯಾಂಚೆಸ್ಟರ್ ಯುನೈಟೆಡ್. ಅಬಿದಾಲ್ ಎಡಬದಿಯಲ್ಲಿ ಇಡೀ ಪಂದ್ಯ ಆಡಿದರು. ಪುಯೋಲ್ ಪೂರ್ತಿ ಸುಧಾರಿಸಿರಲಿಲ್ಲ, ಬೆಂಚಿನಲ್ಲಿ ಕೂತಿದ್ದರು. 3-1 ಆಗಿ, ಪಂದ್ಯ ಕೈಗೆ ಬಂದ ಮೇಲೆ, 88ನೇ ನಿಮಿಷದಲ್ಲಿ ಅವರನ್ನು ಕಳಿಸಿದರು, ಕಪ್ ಎತ್ತುವಾಗ ನಾಯಕ ಮೈದಾನದಲ್ಲಿರಲಿ ಎಂದು. ಅದು ರೂಢಿ. ಫೋಟೋ ಜೀವಮಾನ ಉಳಿಯುತ್ತದೆ, ಗೋಡೆಗೆ ಹಾಕಬಹುದು.

ಪದಕ ತೆಗೆದುಕೊಳ್ಳಲು ತಂಡ ಮೆಟ್ಟಿಲು ಹತ್ತಿತು. ಕಪ್ ಕೊಡುವ ಹೊತ್ತಿಗೆ ನಾಯಕನ ಪಟ್ಟಿ ಅಬಿದಾಲ್ ತೋಳಿನಲ್ಲಿತ್ತು. ಪುಯೋಲ್ ಅದನ್ನು ಅವರಿಗೆ ಕೊಟ್ಟು ಪಕ್ಕಕ್ಕೆ ನಿಂತಿದ್ದರು. ಮೊದಲು ಕಪ್ ಎತ್ತಿದವರು ಅಬಿದಾಲ್. 85 ಸಾವಿರಕ್ಕೂ ಹೆಚ್ಚು ಜನ, ಸೋತ ಕಡೆಯವರೂ ಸೇರಿ, ಅದನ್ನು ನೋಡಿದರು.

ಇದರಿಂದ ಕಾಯಿಲೆ ವಾಸಿಯಾಗಲಿಲ್ಲ, ಅದನ್ನೂ ಹೇಳಬೇಕು. ಮುಂದಿನ ವರ್ಷ ಅಬಿದಾಲ್‌ಗೆ ಯಕೃತ್ತಿನ ಕಸಿಯೇ ಬೇಕಾಯಿತು. 2012ರ ಏಪ್ರಿಲ್ 10ರಂದು ಆಯಿತು, ಅಂಗ ಕೊಟ್ಟವರು ಸೋದರಸಂಬಂಧಿ. ಬದುಕಿರುವವರು ತಮ್ಮ ಯಕೃತ್ತಿನ ಒಂದು ಭಾಗ ಕೊಡಬಹುದು, ಉಳಿದದ್ದು ಕೆಲವು ತಿಂಗಳಲ್ಲಿ ಮತ್ತೆ ಬೆಳೆಯುತ್ತದೆ. ಹೆಚ್ಚುಕಡಿಮೆ ಒಂದು ವರ್ಷಕ್ಕೆ, 2013ರ ಏಪ್ರಿಲ್ 6ಕ್ಕೆ, ಅವರು ಮತ್ತೆ ಆಡಿದರು. ಅದೇ ಬೇಸಿಗೆಯಲ್ಲಿ ಕ್ಲಬ್ ಅವರ ಒಪ್ಪಂದವನ್ನು ಮುಂದುವರಿಸಲಿಲ್ಲ. ಸಿನಿಮಾದಲ್ಲಿ ಹೀಗೆ ಮಾಡುತ್ತಿರಲಿಲ್ಲ. ಹೋಗುವ ಮುನ್ನ ಮೇ ತಿಂಗಳಲ್ಲಿ ಲೀಗ್ ಕಪ್ ಬಂದಾಗ ಪುಯೋಲ್ ಮತ್ತೆ ಹಿಂದೆ ಸರಿದರು. ಆ ಕಪ್ಪನ್ನು ಅಬಿದಾಲ್ ಮತ್ತು ಕೋಚ್ ತಿತೊ ವಿಲನೋವಾ ಜೊತೆಯಾಗಿ ಎತ್ತಿದರು. ವಿಲನೋವಾ ಅವರಿಗೂ ಕ್ಯಾನ್ಸರ್. ಆ ಸೀಸನ್ನಿನ ನಡುವೆ ವಾರಗಟ್ಟಲೆ ನ್ಯೂಯಾರ್ಕಿನಲ್ಲಿ ಚಿಕಿತ್ಸೆ ಪಡೆದಿದ್ದರು. 2014ರ ಏಪ್ರಿಲ್ 25ರಂದು ತೀರಿಕೊಂಡರು.

ಇನ್ನೊಬ್ಬ ಹುಡುಗನ ಕಥೆ ಜನಕ್ಕೆ ಅಷ್ಟು ಗೊತ್ತಿಲ್ಲ. ಮಿಕಿ ರೊಕೆ, ಪುಯೋಲ್ ಊರಿನ ಪಕ್ಕದ ತ್ರೆಂಪ್ ಊರಿನವನು. ಅವನೂ ಡಿಫೆಂಡರ್, ಸೆವಿಯಾ ನಗರದ ಬೆತಿಸ್ ತಂಡದಲ್ಲಿ ಆಡುತ್ತಿದ್ದ. 2011ರ ಮಾರ್ಚ್‌ನಲ್ಲೇ, ಅಬಿದಾಲ್ ಸುದ್ದಿ ಬಂದ ಅದೇ ತಿಂಗಳು, ಅವನ ಸೊಂಟದ ಮೂಳೆಯಲ್ಲಿ ಕ್ಯಾನ್ಸರ್ ಕಂಡಿತು. ಚಿಕಿತ್ಸೆಯ ಖರ್ಚಿಗೆ ಪುಯೋಲ್ ಹಣ ಕೊಟ್ಟರೆಂದು ಪತ್ರಿಕೆಗಳು ಬರೆದವು. 2012ರ ಜೂನ್ 24ರಂದು ಮಿಕಿ ಹೋಗಿಬಿಟ್ಟ. ವಯಸ್ಸು 23. ಅಬಿದಾಲ್ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಅವರು ಬದುಕಿದರು ಅಂತ. ಮಿಕಿಗೆ ಕೊಟ್ಟ ಹಣ ವ್ಯರ್ಥ ಎಂದು ನಾವು ಯಾರೂ ಹೇಳುವುದಿಲ್ಲ ತಾನೆ?

ಮೈದಾನದ ಶಿಸ್ತಿನ ಬಗ್ಗೆ ಒಂದೆರಡು. 2012ರಲ್ಲಿ ರಾಯೊ ವಯೆಕಾನೊ ಎಂಬ ಬಡ ತಂಡದ ಮೇಲೆ 7-0 ಗೆಲುವಿನ ನಡುವೆ ಬಾರ್ಸಿಲೋನಾದ ಇಬ್ಬರು ಗೋಲು ಹೊಡೆದ ಖುಷಿಗೆ ಕುಣಿಯತೊಡಗಿದರು. ಪುಯೋಲ್ ಹಿಂದಿನಿಂದ ಓಡಿ ಬಂದು ಇಬ್ಬರನ್ನೂ ತಳ್ಳಿಕೊಂಡು ಹೋದರು, ಸಾಕು ನಡೀರಿ ಎಂಬಂತೆ. ಮದುವೆ ಮನೆಯಲ್ಲಿ ಮಕ್ಕಳನ್ನು ಸೋದರಮಾವ ಎಳೆದುಕೊಂಡು ಹೋಗುವ ಹಾಗೆ. ಇನ್ನೊಮ್ಮೆ ಪ್ರೇಕ್ಷಕರು ಎಸೆದ ಸಿಗರೇಟು ಲೈಟರನ್ನು ಪಿಕೆ ಎತ್ತಿ ರೆಫರಿಗೆ ತೋರಿಸಹೊರಟಾಗ, ಅವರ ಕೈಯಿಂದ ಕಿತ್ತು ಹೊರಗೆಸೆದು, ಆಡು ಎಂದರು. 2010ರ ನವೆಂಬರಿನಲ್ಲಿ ಸೆರ್ಹಿಯೊ ರಾಮೊಸ್, ಸ್ಪೇನ್ ತಂಡದಲ್ಲಿ ಪಕ್ಕದಲ್ಲಿ ಆಡುವವರೇ, ಕೋಪದಲ್ಲಿ ಮುಖಕ್ಕೆ ಕೈ ಹಾಕಿ ತಳ್ಳಿದರು. ಪುಯೋಲ್ ತಿರುಗಿ ಕೈ ಮಾಡಲಿಲ್ಲ. ಹಾಗೆಂದು ದೇವರಲ್ಲ. ನಿವೃತ್ತಿಯ ನಂತರ, 2022ರಲ್ಲಿ, ಸಲಿಂಗಿಗಳ ವಿಷಯದಲ್ಲಿ ಹಗುರವಾಗಿ ಒಂದು ಮಾತು ಟ್ವೀಟ್ ಮಾಡಿ ಬೈಸಿಕೊಂಡು, ಬಹಿರಂಗವಾಗಿ ಕ್ಷಮೆ ಕೇಳಿದರು.

ಅಧ್ಯಕ್ಷರ ಸಮಾಧಾನಕ್ಕೆ ಕ್ರಿಕೆಟ್. ಪುಯೋಲ್ ಬಗ್ಗೆ ಮಾತು ಬಂದಾಗಲೆಲ್ಲ ನಮ್ಮ ಗುಂಪಿನಲ್ಲಿ ಯಾರಾದರೂ ಒಬ್ಬರು ರಾಹುಲ್ ದ್ರಾವಿಡ್ ಹೆಸರು ತೆಗೆಯುತ್ತಾರೆ. 2003ರ ವಿಶ್ವಕಪ್ಪಿನಲ್ಲಿ ತಂಡಕ್ಕೆ ಇನ್ನೊಬ್ಬ ಬ್ಯಾಟ್ಸ್‌ಮನ್ ಸಿಗಲೆಂದು ದ್ರಾವಿಡ್ ಕೈಗೆ ಕೀಪಿಂಗ್ ಗ್ಲೌಸ್ ಹಾಕಿದರು. 2009ರಲ್ಲಿ ರೋಮ್ ನಗರದ ಚಾಂಪಿಯನ್ಸ್ ಲೀಗ್ ಫೈನಲ್ಲಿಗೆ ಜನ ಸಾಲದಿದ್ದಾಗ ಪುಯೋಲ್ ತಮ್ಮ ನಡುವಿನ ಜಾಗ ಬಿಟ್ಟು ಹಳೇ ಬಲಬದಿಗೆ ಹೋಗಿ ನಿಂತರು. 2-0 ಗೆಲುವು. ಹೋಲಿಕೆಯನ್ನು ಅದಕ್ಕಿಂತ ಎಳೆಯುವುದಿಲ್ಲ. ಕೂದಲಿನ ವಿಷಯದಲ್ಲಂತೂ ಹೋಲಿಕೆಯೇ ಇಲ್ಲ.

ಬೆಂಗಳೂರಿಗೂ ಒಂದು ನಂಟಿದೆ. ಪುಯೋಲ್ ನಾಯಕರಾದ ದಿನಗಳಲ್ಲಿ ಬಾರ್ಸಿಲೋನಾದ ಕೋಚ್ ಫ್ರಾಂಕ್ ರೈಕಾರ್ಡ್ ಅವರ ಸಿಬ್ಬಂದಿಯಲ್ಲಿದ್ದ ಆಲ್ಬರ್ಟ್ ರೋಕಾ 2016ರಲ್ಲಿ ಬೆಂಗಳೂರು ಎಫ್‌ಸಿ ಕೋಚ್ ಆದರು. ಅದೇ ವರ್ಷ ತಂಡ ಎಎಫ್‌ಸಿ ಕಪ್ ಫೈನಲ್ ತಲುಪಿತು. ಅವರ ನಂತರ ಬಂದ ಕಾರ್ಲೆಸ್ ಕ್ವಾದ್ರಾತ್ ಕೂಡ ಲಾ ಮಾಸಿಯಾದಲ್ಲಿ ಬೆಳೆದವರು. 2019ರಲ್ಲಿ ಬೆಂಗಳೂರಿಗೆ ಐಎಸ್‌ಎಲ್ ಕಪ್ ತಂದರು. ಕಂಠೀರವ ಕ್ರೀಡಾಂಗಣದಲ್ಲಿ ಹಿಂದಿನ ಸಾಲಿನಿಂದ ಸಣ್ಣ ಸಣ್ಣ ಪಾಸ್ ಕೊಟ್ಟು ಆಟ ಕಟ್ಟುವುದನ್ನು ನೋಡಿದವರಿಗೆ ಅದರ ಊರು ಯಾವುದೆಂದು ಗೊತ್ತಾಗುತ್ತಿತ್ತು.

ಕೊನೆಗೆ ದೇಹ ಸೋತಿತು. 2012ರಲ್ಲಿ ಲಿಸ್ಬನ್ನಿನಲ್ಲಿ ಬಿದ್ದು ಮೊಣಕೈ ಕೀಲು ತಪ್ಪಿತು, ಆ ಚಿತ್ರ ನೋಡಲಾಗದು. ಮೊಣಕಾಲಿಗೆ ಮತ್ತೆ ಮತ್ತೆ ಕತ್ತರಿ. 2014ರ ಮಾರ್ಚ್ 2ರಂದು ಅಲ್ಮೆರಿಯಾ ವಿರುದ್ಧ ಆಡಿ ಒಂದು ಗೋಲು ಹೊಡೆದರು. ಎರಡು ದಿನದ ನಂತರ ಸೀಸನ್ ಮುಗಿದ ಮೇಲೆ ಬಿಡುತ್ತೇನೆ ಎಂದು ಹೇಳಿದರು. ಒಪ್ಪಂದ ಇನ್ನೂ ಎರಡು ವರ್ಷ ಇತ್ತು. ಸುಮ್ಮನೆ ಕೂತಿದ್ದರೂ ಸಂಬಳ ಬರುತ್ತಿತ್ತು. ಅಲ್ಮೆರಿಯಾ ಪಂದ್ಯವೇ ಕೊನೆಯದಾಯಿತು. ಒಟ್ಟು 593 ಪಂದ್ಯ, ಆರು ಲೀಗ್, ಮೂರು ಚಾಂಪಿಯನ್ಸ್ ಲೀಗ್, ಒಂದೇ ಕ್ಲಬ್. 2019ರಲ್ಲಿ ಅದೇ ಕ್ಲಬ್ ದೊಡ್ಡ ಹುದ್ದೆಗೆ ಕರೆದಾಗ ಯೋಚಿಸಿ ಬೇಡ ಎಂದರು.

ಈಗ ನಮ್ಮ ನಿಧಿಯ ವಿಷಯ. ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಗಳಿಗೆ ರಾಯಚೂರು, ಬೀದರ್, ಚಾಮರಾಜನಗರದ ಕಡೆಯಿಂದ ಬರುವವರಿಗೆ ಚಿಕಿತ್ಸೆಗೆ ಸರ್ಕಾರದ ಯೋಜನೆಗಳಿವೆ. ಬಸ್ ಚಾರ್ಜು, ಜೊತೆಗೆ ಬಂದವರ ಊಟ, ಮಲಗಲು ಜಾಗ, ಕಳೆದುಹೋದ ಕೂಲಿ, ಇವಕ್ಕೆ ಇಲ್ಲ. ಆರು ವಾರದ ರೇಡಿಯೇಷನ್ ಅನ್ನು ಮೂರನೇ ವಾರಕ್ಕೆ ಬಿಟ್ಟು ಊರಿಗೆ ಹೋಗಿಬಿಡುವವರು ಕಾಯಿಲೆಗೆ ಹೆದರಿ ಹೋಗುವುದಿಲ್ಲ, ಖರ್ಚಿಗೆ ಹೆದರಿ ಹೋಗುತ್ತಾರೆ. ಈ ವರ್ಷ ಸಂಘ ಹಣ ಕೂಡಿಸುತ್ತಿರುವುದು ಆ ಆರು ವಾರದ ಊಟ ವಸತಿಗೆ. ಬಾಗಿಲ ಬಳಿಯ ಮೇಜಿನ ಮೇಲೆ ಫಾರಂ ಇದೆ. ಇಲ್ಲಿ ಆದಾಯ ತೆರಿಗೆ ಕಟ್ಟುವವರು ಗಿಫ್ಟ್ ಏಡ್ ಚೌಕಕ್ಕೆ ಗುರುತು ಹಾಕುವುದನ್ನು ಮರೆಯಬೇಡಿ. ನಿಮ್ಮ ಒಂದೊಂದು ಪೌಂಡಿಗೆ ಸರ್ಕಾರದಿಂದ 25 ಪೆನ್ಸ್ ಸೇರುತ್ತದೆ, ನಿಮಗೆ ಒಂದು ಪೈಸೆ ಹೆಚ್ಚು ಖರ್ಚಿಲ್ಲ.

ಅದೇ ಮೇಜಿನ ಮೇಲೆ ಅಂಗದಾನದ ಕಾಗದವೂ ಇದೆ. ಇಂಗ್ಲೆಂಡಿನಲ್ಲಿ 2020ರ ಮೇ ತಿಂಗಳಿಂದ, ಬೇಡ ಎಂದು ಬರೆಸದ ವಯಸ್ಕರೆಲ್ಲ ಒಪ್ಪಿದವರೇ ಎಂಬ ಕಾನೂನಿದೆ. ಆದರೂ ಆ ಹೊತ್ತಿನಲ್ಲಿ ಡಾಕ್ಟರು ಮನೆಯವರನ್ನೇ ಕೇಳುತ್ತಾರೆ, ಮನೆಯವರು ಬೇಡ ಎಂದರೆ ಅಲ್ಲಿಗೆ ನಿಲ್ಲುತ್ತದೆ. ದಕ್ಷಿಣ ಏಷ್ಯಾ ಮೂಲದ ದಾನಿಗಳು ಈ ದೇಶದಲ್ಲಿ ಕಡಿಮೆ, ಕಾಯುವವರು ಹೆಚ್ಚು. ಡಾ. ರಾಜ್ ಕಣ್ಣು ಕೊಟ್ಟರು, 2021ರಲ್ಲಿ ಪುನೀತ್ ಕಣ್ಣು ಕೊಟ್ಟರು, ಅದೇ ವರ್ಷ ಸಂಚಾರಿ ವಿಜಯ್ ಅವರ ಮನೆಯವರು ಅಷ್ಟು ದುಃಖದಲ್ಲೂ ಅವರ ಅಂಗಗಳನ್ನು ಕೊಟ್ಟರು. ನಮ್ಮ ಗುಂಪಿನವರು ಈ ವಿಷಯವನ್ನು ಮನೆಯಲ್ಲಿ ಊಟದ ಹೊತ್ತಿಗೆ ಮಾತಾಡಿ ಮುಗಿಸಿದ್ದೇವೆ. ಹೆಂಡತಿ ಮಕ್ಕಳು ಮೊದಲು ಅಪಶಕುನ ಎಂದು ಬೈದರು, ಆಮೇಲೆ ಅವರೂ ತಮ್ಮ ಮಾತು ಹೇಳಿದರು. ನೀವೂ ಇವತ್ತು ಕಾರಿನಲ್ಲಿ ಮನೆಗೆ ಹೋಗುವಾಗ ಮಾತಾಡಿ.

ಸಮಯ ಮೀರಿದೆ ಎಂದು ಕಾರ್ಯದರ್ಶಿಗಳು ಕೈ ತೋರಿಸುತ್ತಿದ್ದಾರೆ. ಬಿಸಿಬೇಳೆಬಾತ್ ಸಿದ್ಧವಾಗಿದೆಯಂತೆ, ಬೂಂದಿ ಬಡಿಸುವವರು ಇಬ್ಬರು ಬೇಕಂತೆ. ಫಾರಂ ಮೇಜು ಊಟದ ಸಾಲಿಗೆ ಮೊದಲೇ ಸಿಗುತ್ತದೆ.